ನಂದಗಡದ ಆಲದ ತೊಟ್ಟಿಲು

ಖಾನಾಪುರದ ಹೊಳೆ ದಾಟಿದ ಮೇಲೆ ರೂಪಾಲಿ ಸೆರಗಿನೊಳಗೆ ಕೈಯಿಟ್ಟು ಮತ್ತೊಮ್ಮೆ ನೋಡಿಕೊಂಡಳು. ಹೊಟ್ಟೆ ಬೆಚ್ಚಗಿತ್ತು, ಬಿಗಿಯಾಗಿತ್ತು. ಒಳಗೆ ಏನೂ ಅಲ್ಲಾಡಲಿಲ್ಲ.

ಬೆಳಿಗ್ಗೆ ಎದ್ದಾಗಿನಿಂದ ಹೀಗೇ ಇತ್ತು. ದಿನವೂ ಅವಳು ಹಲ್ಲುಜ್ಜುವ ಹೊತ್ತಿಗೆ ಕೂಸು ಎಚ್ಚತ್ತು ಪಕ್ಕೆಗೆ ಒದೆಯುತ್ತಿತ್ತು. ಚಹಾ ಕುಡಿದರಂತೂ ಕುಣಿದಾಡುತ್ತಿತ್ತು. ಇವತ್ತು ಚಹಾ ಕುಡಿದರೂ ಸುಮ್ಮನಿತ್ತು. ಮಲಗಿರಬೇಕು ಅಂದುಕೊಂಡಳು. ಬೆಳಗಾವಿಯ ಖಾಸಬಾಗದ ಮನೆ ಬಿಟ್ಟು ಹೊರಟಾಗ, ಗಾಡಿ ಕುಲುಕಿದರೆ ಎದ್ದೀತು ಅಂದುಕೊಂಡಳು. ಉದ್ಯಮಬಾಗ ದಾಟುವಾಗ ಗಾಡಿ ಕುಲುಕಿತು. ಅವಳ ಗಂಡ ಮುತ್ತಪ್ಪ ದುಡಿಯುವ ಫೌಂಡ್ರಿಯ ಹೊಗೆ ಕಾಣಿಸಿತು, ಹಿಂದೆ ಹೋಯಿತು. ಆಗಲೂ ಕೂಸು ಏಳಲಿಲ್ಲ.

ಎಂಟು ತಿಂಗಳು ತುಂಬುತ್ತ ಬಂದಿತ್ತು. ಇದು ಮೂರನೆಯ ಸಲ. ಮೊದಲನೆಯದು ಗೊತ್ತಾಗುವಷ್ಟರಲ್ಲಿ ಹೋಗಿತ್ತು. ಎರಡನೆಯದು ಆರು ತಿಂಗಳು ಹೊಟ್ಟೆಯಲ್ಲಿದ್ದು, ಒಂದು ಮುಂಜಾನೆ ಸದ್ದಿಲ್ಲದೆ ನಿಂತುಬಿಟ್ಟಿತ್ತು. ನೋವಿಲ್ಲ, ರಕ್ತವಿಲ್ಲ, ಬರೀ ಒಂದು ನಿಶ್ಶಬ್ದ. ಆ ನಿಶ್ಶಬ್ದದ ಮುಖ ಅವಳಿಗೆ ಪರಿಚಯವಿತ್ತು. ಈಗ ಅದೇ ಬಂದು ಪಕ್ಕದಲ್ಲಿ ಕುಳಿತ ಹಾಗಿತ್ತು.

ಹೇಳಬೇಕು. ಪಕ್ಕದಲ್ಲೇ ಅತ್ತೆ ಮಾಯಕ್ಕ ಕೂತಿದ್ದಾಳೆ, ಒಂದು ಮಾತು ಹೇಳಿದರೆ ಸಾಕು. ಆದರೆ ಹೋದ ಸಲ ರೂಪಾಲಿ ಹೇಳಿದ್ದಳು. ಹೇಳಿದ ಗಳಿಗೆಯಿಂದಲೇ ಎಲ್ಲ ಮುಗಿದುಹೋಗಿತ್ತು. ಬಾಯಿಬಿಟ್ಟರೆ ಅದು ಖರೆಯಾಗುತ್ತದೆ ಎಂಬ ಅಂಜಿಕೆ.

“ವೈನಿ, ದಿಂಬು ಬರೋಬರಿ ಆಗೇತಿಲ್ಲೋ?” ಕನ್ನಡಿಯಲ್ಲಿ ನೋಡುತ್ತ ಕೇಳಿದ ಸಂಜಯ. ಅವನು ಮುತ್ತಪ್ಪನ ಗೆಳೆಯ, ಹಿಂದಿನ ಗಲ್ಲಿಯವನು, ಬಾಡಿಗೆಗೆ ಕಾರು ಓಡಿಸುತ್ತಾನೆ. ಅವಳ ಸೊಂಟಕ್ಕೆ ಆಸರೆಯಾಗಲಿ ಎಂದು ತನ್ನ ಮನೆಯ ಹೊಸ ದಿಂಬನ್ನೇ ತಂದಿದ್ದ. ಅದರ ಗಲೀಪಿನ ಮೇಲೆ ಅವನ ಹೆಂಡತಿ ಪ್ರಮಿಳಾ ಹೆಣೆದ ಎರಡು ಗಿಳಿಗಳಿದ್ದವು.

“ಆಗೇತಿ ಅಣ್ಣಾ.”

“ಸಂಜ್ಯಾ, ಕತ್ತೆಗೋಳು ಸುದ್ದಾ ನಿನ್ನ ಹಿಂದ ಹಾಕಿ ಹೊಂಟಾವಲ್ಲೋ,” ಎಂದಳು ಮಾಯಕ್ಕ. “ಹಿಂಗ ಹೋದ್ರ ರಾಯಪ್ಪನ ಸಮಾಧಿ ಕಾಣೂದು ಸಂಜೀಕ.”

“ನಾ ಏನ್ ಮಾಡ್ಲಿ ಮಾವಶಿ? ನಿಮ್ಮ ಮಗ ಹೇಳ್ಯಾನ. ವೈನಿ ಹೊಟ್ಟ್ಯಾಗಿನ ನೀರು ಅಲ್ಲಾಡಬಾರದು, ಅಲ್ಲಾಡಿದ್ರ ಕುಲುಮ್ಯಾಗ ಹಾಕ್ತೀನಂತ.”

ಮಾಯಕ್ಕ ನಕ್ಕಳು. ರೂಪಾಲಿಯೂ ನಗುವಂತೆ ತುಟಿ ಹಿಗ್ಗಿಸಿದಳು. ಅಲ್ಲಾಡಲಿ ಅಂತಲೇ ಅವಳು ಹಾದಿಯ ಒಂದೊಂದು ತಗ್ಗನ್ನೂ ಕಾಯುತ್ತಿದ್ದಳು.

ಸಿಹಿ ತಿಂದು ಎಡಮಗ್ಗುಲಾಗಿ ಮಲಗಿದರೆ ಕೂಸು ಎಚ್ಚರಾಗುತ್ತದೆ, ಆಗಲೂ ಆಡದಿದ್ದರೆ ತಡಮಾಡದೆ ಬಾ ಎಂದು ದವಾಖಾನೆಯಲ್ಲಿ ಹೇಳಿದ್ದರು. ಅತ್ತೆಯ ತೊಡೆಯ ಮೇಲಿನ ಡಬ್ಬಿಯಲ್ಲಿ ಮಾದಲಿ ಇತ್ತು. ಗೋಧಿಯದು, ಬೆಲ್ಲ, ಏಲಕ್ಕಿ, ಹುರಿಗಡಲೆ ಹಾಕಿದ್ದು. ವಾಸನೆ ಗಾಡಿ ತುಂಬಿತ್ತು.

“ಅತ್ತೀ, ಒಂದೀಟು ಮಾದಲಿ ಕೊಡ್ತೀರೇನು?”

“ನೈವೇದ್ಯದ್ದು ಐತೆವಾ. ರಾಯಪ್ಪಗ ತೋರಿಸಿ ಮೊದಲನೇ ತುತ್ತು ನಿನಗ. ಇನ್ನೇನು, ಬಂದಾ ಬಿಡ್ತು ನಂದಗಡ.” ಮಾಯಕ್ಕ ಡಬ್ಬಿಯ ಮುಚ್ಚಳದ ಮೇಲೆ ಕೈಯಿಟ್ಟಳು. ಆಮೇಲೆ ಸೊಸೆಯ ಮುಖ ನೋಡಿದಳು, ಏನೋ ಕೇಳುವವಳಂತೆ ಬಾಯಿ ತೆರೆದು, ಕೇಳದೆ ಕಿಟಕಿಯ ಕಡೆ ತಿರುಗಿದಳು. ರಸ್ತೆಯ ಬದಿಯ ಹೊಲದಲ್ಲಿ ಕುರಿಗಳ ಹಿಂಡೊಂದು ತಂಗಿತ್ತು. “ನೋಡು, ನಮ್ಮ ಮಂದಿ,” ಎಂದಳು.

ರೂಪಾಲಿ ಎಡಕ್ಕೆ ವಾಲಿ, ಗಿಳಿಗಳ ಮೇಲೆ ಒರಗಿ ಕಣ್ಣು ಮುಚ್ಚಿದಳು. ಹಾಗೇ ಕಾದಳು. ಏನೂ ಇಲ್ಲ.

ಕಿತ್ತೂರಿನ ರಾಣಿಯ ಬಲಗೈಯಾಗಿದ್ದ ಸಂಗೊಳ್ಳಿ ರಾಯಣ್ಣನನ್ನು, ಮಾಯಕ್ಕನ ಬಾಯಲ್ಲಿ ರಾಯಪ್ಪನನ್ನು, ಬ್ರಿಟಿಷರು ನಂದಗಡದಲ್ಲಿ ಗಲ್ಲಿಗೇರಿಸಿದ್ದು ಈ ಸೀಮೆಯಲ್ಲಿ ಎಲ್ಲ ಮಕ್ಕಳಿಗೂ ಗೊತ್ತು. ಹಿಡಿದುಕೊಟ್ಟವರು ನಮ್ಮವರೇ ಎಂಬುದೂ ಗೊತ್ತು. ಸಮಾಧಿಯ ಮೇಲೆ ಅವನ ಸಂಗಡಿಗನೊಬ್ಬ ನೆಟ್ಟ ಸಸಿಯೇ ಇಂದಿನ ಈ ಆಲದ ಮರ ಎನ್ನುತ್ತಾರೆ. ಸಾಯುವ ಮುಂದೆ ಅವನು ‘ಮತ್ತೆ ಹುಟ್ಟಿ ಬರ್ತೀನಿ’ ಅಂದನಂತೆ. ಅಷ್ಟು ಸಾಕಾಯಿತು ಹೆಂಗಸರಿಗೆ. ಬರುವವನು ಯಾರದಾದರೂ ಹೊಟ್ಟೆಯಲ್ಲೇ ಬರಬೇಕಲ್ಲ? ಮಕ್ಕಳಿಲ್ಲದವರು, ಮಕ್ಕಳು ಉಳಿಯದವರು ಪುಟ್ಟ ಕಟ್ಟಿಗೆಯ ತೊಟ್ಟಿಲು ತಂದು ಆ ಮರಕ್ಕೆ ಕಟ್ಟುತ್ತ ಬಂದರು. ಹೋದ ವರ್ಷ ಮಾಯಕ್ಕ ಸೊಸೆಯ ಕೈಯಿಂದಲೂ ಒಂದನ್ನು ಕಟ್ಟಿಸಿದ್ದಳು. ಒಂಬತ್ತನೇ ತಿಂಗಳಿಗೆ ಬೀಳುವುದಕ್ಕಿಂತ ಮೊದಲು ಹೊಟ್ಟೆ ಹೊತ್ತು ಬಂದು ತೋರಿಸುತ್ತೇವೆ ಎಂದು ಬೇಡಿಕೊಂಡಿದ್ದಳು. ಆ ಮಾತು ನಡೆಸುವುದಕ್ಕೇ ಇವತ್ತಿನ ಈ ದಾರಿ.

ಮರದ ಹತ್ತಿರ ಯಾರೂ ಇರಲಿಲ್ಲ. ಹೂವು ಕಾಯಿ ಮಾರುವ ಮುದುಕಿಯೊಬ್ಬಳು ಬುಟ್ಟಿ ಮುಂದಿಟ್ಟುಕೊಂಡು ಬಿಸಿಲಿಗೆ ಕೂತಿದ್ದಳು, ಅಷ್ಟೇ. ಕೊರಳಲ್ಲಿ ಕಪ್ಪಾದ ಹಳೇ ದಾರ, ಅದರಲ್ಲಿ ಲಿಂಗದ ಕರಡಿಗೆ. ಗಾಳಿ ಬೀಸುತ್ತಿತ್ತು. ಕೆಳಗಿಳಿದ ರೂಪಾಲಿ ಮೇಲೆ ನೋಡಿದಳು. ಅವಳ ಕಾಲು ನಿಂತಲ್ಲೇ ನಿಂತವು.

ನೂರಾರು ತೊಟ್ಟಿಲುಗಳು ತೂಗುತ್ತಿದ್ದವು. ಹಸಿರು, ಹಳದಿ, ಕೆಂಪು ಬಣ್ಣದವು, ಮಳೆಗೆ ಬಣ್ಣ ಹೋದವು, ಒಂದು ಹಗ್ಗ ಹರಿದು ಬಾಗಿದವು. ತೂಗುವ ಕೈಯಿಲ್ಲ, ಜೋಗುಳವಿಲ್ಲ. ಎಲ್ಲವೂ ತಮ್ಮಷ್ಟಕ್ಕೆ ತೂಗುತ್ತಿದ್ದವು, ಕಟ್ಟಿಗೆಗೆ ಕಟ್ಟಿಗೆ ತಾಗಿ ಕಟಕಟ ಅನ್ನುತ್ತಿದ್ದವು. ಹೋದ ವರ್ಷ ಬಂದಾಗ ಅವಳಿಗೆ ಇದು ಚೆಂದ ಕಂಡಿತ್ತು.

“ಪರ್ಸು ಗಾಡ್ಯಾಗ ಇರಲಿ ತಂಗಿ, ಭಾರ ಹೊರಬ್ಯಾಡ,” ಎಂದು ಮಾಯಕ್ಕ ಅವಳ ಕೈಯಿಂದ ತೆಗೆದು ಸೀಟಿನ ಮೇಲಿಟ್ಟಳು. ಇಬ್ಬರೂ ಚಪ್ಪಲಿ ಬಿಟ್ಟು ನಡೆದರು.

ಸಮಾಧಿಯ ಕಲ್ಲು ತಣ್ಣಗಿತ್ತು. ಮಾಯಕ್ಕ ಭಂಡಾರದ ಅರಿಸಿನ ಹಚ್ಚಿ, ಊದಿನಕಡ್ಡಿ ಹಚ್ಚಿ, ಎತ್ತರದ ದನಿಯಲ್ಲಿ ಮಾತಾಡಿಸಿದಳು, ದೂರದ ಊರಿನ ಅಣ್ಣನನ್ನು ಮಾತಾಡಿಸಿದ ಹಾಗೆ. “ರಾಯಪ್ಪಾ, ಕರಕೊಂಡು ಬಂದೀನಿ ನೋಡು. ಹೇಳಿದಂಗ ಬಂದೀನಿ.” ರೂಪಾಲಿ ಕಲ್ಲಿನ ಮೇಲೆ ಎರಡೂ ಕೈಯಿಟ್ಟಳು. ಹುಟ್ಟಿ ಬರುತ್ತೇನೆ ಅಂದವನು ಬಂದಿದ್ದನೋ, ಬಂದು ನಡುದಾರಿಯಲ್ಲಿ ಬೇಸರವಾಗಿ ತಿರುಗಿ ಹೋದನೋ ಎಂಬ ಯೋಚನೆ ಬಂತು. ಒಂದೇ ಮಾತು ಒಳಗೊಳಗೇ ಹೇಳಿದಳು: ಒದಿ. ಒಂದ್ಸಲ ಒದಿ.

“ನೈವೇದ್ಯ ಆಮ್ಯಾಲ ತೋರಸೂಣು, ಮೊದಲ ನಮ್ಮ ತೊಟ್ಟಿಲ ಎಲ್ಲೈತಿ ನೋಡೂಣು ಬಾ,” ಎಂದಳು ಮಾಯಕ್ಕ.

ಖಾಲಿ ತೊಟ್ಟಿಲು ತೂಗಬಾರದು ಎನ್ನುವುದು ಆ ಮನೆಯಲ್ಲಿ ಗಟ್ಟಿ ನೇಮ. ತೂಗಿದರೆ ಮಲಗಬೇಕಾದ ಕೂಸಿಗೆ ಕೇಡು. ಅದಕ್ಕೇ ಇಲ್ಲಿ ಕಟ್ಟುವವರೂ ಒಳಗೆ ಏನಾದರೊಂದು ಇಟ್ಟು ಕಟ್ಟುತ್ತಾರೆ. ದುಂಡು ಕಲ್ಲು, ಬಟ್ಟೆಯ ಗೊಂಬೆ, ಕಾಯಿಯ ಚೂರು. ಕುರಿ ಸಾಕಿದ ಮನೆತನದಲ್ಲಿ ಹುಟ್ಟಿದ ಮಾಯಕ್ಕ ಹೋದ ವರ್ಷ ಒಂದು ಹಿಡಿ ಕರಿ ಉಣ್ಣೆಯನ್ನು ಉಂಡೆ ಮಾಡಿ ಮಲಗಿಸಿದ್ದಳು. ಉಣ್ಣೆಯ ಹುರಿಯಿಂದಲೇ ಕಟ್ಟಿದ್ದಳು. ಕೈಗೆಟಕುವ ತಗ್ಗಿನ ಬಿಳಲೊಂದರಲ್ಲಿ ಆ ಹುರಿ ಕಾಣಿಸಿತು. ಮಾಯಕ್ಕ ತುದಿಗಾಲಲ್ಲಿ ನಿಂತು ಒಳಗೆ ಬೆರಳಾಡಿಸಿದಳು.

ತೊಟ್ಟಿಲು ಖಾಲಿಯಿತ್ತು. ಖಾಲಿಯಾಗಿಯೇ ತೂಗುತ್ತಿತ್ತು.

ಮಾಯಕ್ಕ ತೊಟ್ಟಿಲನ್ನು ಎರಡೂ ಕೈಯಿಂದ ಬಿಗಿಯಾಗಿ ಹಿಡಿದು ನಿಲ್ಲಿಸಿದಳು. “ಎಂದಿನಿಂದ ಹಿಂಗ ತೂಗಾಕತ್ತೇತೋ... ಎವ್ವಾ, ಎಂದಿನಿಂದ ತೂಗಾಕತ್ತೇತೋ...”

“ಅಳಿಲು ಒಯ್ದಿರತಾವ ಬಿಡು,” ಎಂದಳು ಹೂವಿನ ಮುದುಕಿ ಕೂತಲ್ಲಿಂದಲೇ. “ಮೆತ್ತಂದೇನು ಸಿಕ್ಕರೂ ಬಿಡಂಗಿಲ್ಲ, ತಮ್ಮ ಮರಿಗೋಳಿಗೆ ಹಾಸಿಗಿ ಮಾಡ್ತಾವ. ನಿನ್ನ ಉಣ್ಣಿ ಮ್ಯಾಗೂ ಯಾವದೋ ಕೂಸs ಮಲಗಿರತೈತಿ.”

ಮಾಯಕ್ಕನಿಗೆ ಆ ಮಾತು ಕೇಳಿಸಲಿಲ್ಲ. ಒಂದು ಕೈಯಿಂದ ತೊಟ್ಟಿಲು ಹಿಡಿದುಕೊಂಡೇ ಕೂಗಿದಳು. “ಸಂಜ್ಯಾ! ಏ ಸಂಜ್ಯಾ! ಬರೂವಾಗ ಹೊಲದಾಗ ಕುರಿ ಕುಂತಿದ್ದುವಲ್ಲ, ಓಡು. ಒಂದು ಹಿಡಿ ಕರೇ ಉಣ್ಣಿ ತಗೊಂಡು ಬಾ. ರಾಯಪ್ಪನ ತೊಟ್ಟಿಲಕ್ಕ ಅಂತ ಹೇಳು, ಇಲ್ಲ ಅನ್ನಂಗಿಲ್ಲ.”

“ಈಗs ಬಂದೆ ಮಾವಶಿ.”

ರೂಪಾಲಿ ‘ಬ್ಯಾಡ’ ಅನ್ನಬೇಕೆಂದುಕೊಂಡಳು. ಗಾಡಿ ಹೋಗಬಾರದು. ಗಾಡಿಯೊಂದೇ ದಾರಿ. ನಾಲಿಗೆ ಮೇಲೆ ಬಂದ ಮಾತು ತುಟಿಗೆ ಬರುವಷ್ಟರಲ್ಲಿ ಸಂಜಯ ಕಾರು ತಿರುಗಿಸಿದ್ದ. ಇಷ್ಟು ಹೊತ್ತು ಎತ್ತಿನಂತೆ ನಡೆಸಿದವನು ಈಗ ಗಾಳಿಯಂತೆ ಹೊಡೆದುಕೊಂಡು ಹೋದ. ಕೆಂಪು ದೂಳು ಎದ್ದಿತು. ಪರ್ಸು, ಫೋನು, ಎಲ್ಲ ಅದರೊಳಗೇ ಹೋಯಿತು.

ಅವಳು ಕಟ್ಟೆಯ ಮೇಲೆ ಕುಸಿದಳು. ಮರದಲ್ಲಿ ತೊಟ್ಟಿಲುಗಳು ಕಟಕಟ ಅನ್ನುತ್ತಿದ್ದವು. ಅವಳು ಹೊಟ್ಟೆಯನ್ನು ಬೆರಳುಗಳಿಂದ ತಟ್ಟಿದಳು, ಬಾಗಿಲು ತಟ್ಟಿದ ಹಾಗೆ. ಇನ್ನೊಂದು ಕಡೆ ತಟ್ಟಿದಳು. ನೀರು ತುಂಬಿದ ಕೊಡವನ್ನು ತಟ್ಟಿದಂತಿತ್ತು.

ಮುದುಕಿ ಬುಟ್ಟಿ ಬಿಟ್ಟು ಎದ್ದು ಬಂದಳು. ಬಂದು ಎದುರಿಗೆ ಕೂತು, ರೂಪಾಲಿಯ ಕೈಯ ಪಕ್ಕ ತನ್ನ ಒಣ ಕೈಯಿಟ್ಟು, ದನಿ ತಗ್ಗಿಸಿ ಕೇಳಿದಳು. “ಮಗಳs, ಕೂಸು ಆಡವಲ್ದೇನು?”

ಅಷ್ಟು ಸರಳವಾಗಿ ಯಾರಾದರೂ ಕೇಳಬಹುದು ಎಂದು ರೂಪಾಲಿಗೆ ಹೊಳೆದೇ ಇರಲಿಲ್ಲ. “ಇಲ್ಲ ಆಯಿ,” ಅಂದಳು. “ಎದ್ದಾಗಿಂದ ಆಡಿಲ್ಲ.” ಅಂದ ಮೇಲೆ ಹಲ್ಲು ಕಟಕಟಿಸಲು ಹತ್ತಿದವು.

“ಏ ತಂಗೀ!” ಮುದುಕಿ ಮಾಯಕ್ಕನತ್ತ ತಿರುಗಿ ಕೂಗಿದಳು. “ಅದನ್ನ ಹಿಡಕೊಂಡು ಏನ್ ನಿಂತಿ? ಇಲ್ಲಿ ಬಾ. ಇದನ್ನ ನೋಡು.”

ಮಾಯಕ್ಕ ತೊಟ್ಟಿಲು ಹಿಡಿದುಕೊಂಡೇ ತಿರುಗಿದಳು. ಬಿಟ್ಟರೆ ಅದು ತೂಗುತ್ತದೆ. ಒಂದು ಗಳಿಗೆ ಅವಳು ಆ ಕಡೆ ಈ ಕಡೆ ನೋಡಿದಳು. ಆಮೇಲೆ ಬಿಟ್ಟಳು. ಅದು ಅವಳ ಹಿಂದೆ ಜೋರಾಗಿ ತೂಗುತ್ತಿರುವಾಗಲೇ ಓಡಿ ಬಂದಳು.

ಬಯ್ಯುತ್ತಾಳೆ ಎಂದು ರೂಪಾಲಿ ಅಂದುಕೊಂಡಿದ್ದಳು. ಮಾಯಕ್ಕ ಬಯ್ಯಲಿಲ್ಲ, ಅಳಲೂ ಇಲ್ಲ. ಸಮಾಧಿಯ ಮುಂದೆ ಇಟ್ಟಿದ್ದ ಮಾದಲಿಯ ಡಬ್ಬಿಯನ್ನು ಎತ್ತಿಕೊಂಡು ಬಂದು, ಮುಚ್ಚಳ ಕಿತ್ತು, ನೈವೇದ್ಯ ತೋರಿಸದೆಯೇ ಒಂದು ಹಿಡಿ ತುಂಬಿ ಸೊಸೆಯ ಬಾಯಿಗೆ ಇಟ್ಟಳು. “ತಿನ್ನು. ನುಂಗು. ಇನ್ನೀಟು ತಿನ್ನು.” ಅರ್ಧ ಮಾದಲಿ ಸೆರಗಿನ ಮೇಲೆ ಬಿತ್ತು. ಮುದುಕಿ ತಂಬಿಗೆಯ ನೀರು ಕುಡಿಸಿ, ತನ್ನ ತೊಡೆಯ ಮೇಲೆ ತಲೆಯಿಟ್ಟುಕೊಂಡು ಅವಳನ್ನು ಎಡಕ್ಕೆ ಮಲಗಿಸಿದಳು. ಮೂವರೂ ಹೊಟ್ಟೆಯನ್ನೇ ನೋಡುತ್ತ ಕಾದರು.

ಗಾಳಿ ಬೀಸಿತು. ಎಲ್ಲ ಅಲ್ಲಾಡಿದವು, ಎಲೆ, ಬಿಳಲು, ತೊಟ್ಟಿಲು. ಹೊಟ್ಟೆ ಮಾತ್ರ ಕಲ್ಲಿನ ಹಾಗೆ ಇತ್ತು.

“ಖಾನಾಪುರಕ್ಕ ಹೋಗ್ರಿ. ಗಾಡಿ ಹಾದಿ ಕಾಯಬ್ಯಾಡ್ರಿ,” ಎಂದಳು ಮುದುಕಿ. “ಈಗ ಬಸ್ಸು ಬರೂ ಹೊತ್ತು. ಏಳ್ರಿ.”

ಮಾಯಕ್ಕ ಒಂದು ಕಡೆ, ಮುದುಕಿ ಒಂದು ಕಡೆ ಹಿಡಿದು ಅವಳನ್ನು ರಸ್ತೆಗೆ ತಂದರು. ಚಪ್ಪಲಿ ಯಾರಿಗೂ ನೆನಪಾಗಲಿಲ್ಲ. ಹಿಂದಿರುಗಿ ಕೈ ಮುಗಿಯುವುದೂ ಆಗಲಿಲ್ಲ. ಹೂವಿನ ಬುಟ್ಟಿಯ ಕಡೆ ಆಡೊಂದು ಬರುತ್ತಿತ್ತು. ಅದು ಚೆಂಡುಹೂವು ಮೇಯಲು ಹತ್ತಿದ್ದನ್ನು ಮುದುಕಿ ನೋಡಿದಳು, ನೋಡಿಯೂ ರೂಪಾಲಿಯ ರಟ್ಟೆ ಬಿಡಲಿಲ್ಲ.

ರಸ್ತೆ ಬರಿದಾಗಿತ್ತು. ಒಂದು ಬೈಕು ಹೋಯಿತು, ನಿಲ್ಲಲಿಲ್ಲ. ಮಾಯಕ್ಕ ನಡುರಸ್ತೆಗೆ ಹೋಗಿ ನಿಂತಳು. ತಿರುವಿನಲ್ಲಿ ಕೆಂಪು ಬಸ್ಸು ಕಂಡಾಗ ಎರಡೂ ಕೈ ಅಗಲಿಸಿದಳು, ಹಿಂಡಿನಿಂದ ತಪ್ಪಿದ ಟಗರನ್ನು ತಡೆಯುವ ಹಾಗೆ. ಡ್ರೈವರು ಬ್ರೇಕು ಒತ್ತಿ ತಲೆ ಹೊರಗೆ ಹಾಕಿದ. “ಯಾಕಬೇ ಆಯಿ, ಸಾಯಾಕ ನನ್ನ ಬಸ್ಸs ಬೇಕಿತ್ತೇನು?”

“ಸಾಯಾಕಲ್ಲೋ ಯಪ್ಪಾ, ಉಳಸಾಕ!” ಎಂದಳು ಮಾಯಕ್ಕ.

ಬಾಗಿಲಲ್ಲಿದ್ದ ಕಂಡಕ್ಟರ್ ಹುಡುಗಿ ರೂಪಾಲಿಯ ಮುಖ ನೋಡಿ ಕೆಳಗೆ ಜಿಗಿದಳು. ಎದೆಯ ಮೇಲಿನ ಬಿಲ್ಲೆಯಲ್ಲಿ ಮೇಘಾ ಎಂದಿತ್ತು. “ಎಷ್ಟು ತಿಂಗಳ್ರಿ? ಏನಾಗೇತಿ?” ಎಂದು ಕೇಳಿ, ಹೂವಿನ ಮುದುಕಿ ಕೆಳಗಿನಿಂದ ಹೇಳುತ್ತಿರುವಾಗಲೇ ಸೊಂಟಕ್ಕೆ ಕೈಹಾಕಿ ಮೇಲೇರಿಸಿದಳು. ಮುಂದಿನ ಸೀಟಿನಲ್ಲಿ ಚೀಲ ಇಟ್ಟುಕೊಂಡು ಕೂತಿದ್ದ ಮುದುಕನಿಗೆ, “ಕಾಕಾ, ಏಳ್ರಿ,” ಎಂದಳು.

“ನಾ ಮುಂಜಾನೆಯಿಂದ ನಿಂತು ಜಾಗಾ ಹಿಡದೀನಿ. ಬಸುರಿ ಅಂದ್ರ ಮನ್ಯಾಗಿರಬೇಕು, ಬಸ್ಸಿನ್ಯಾಗ ಯಾಕ ಅಡ್ಡಾಡಬೇಕು?” ಎಂದು ಗೊಣಗುತ್ತ ಎದ್ದ ಮುದುಕ.

“ಕೂಸು ಆಡವಲ್ದಂತ್ರಿ ಕಾಕಾ,” ಎಂದಳು ಮೇಘಾ ಮೆಲ್ಲಗೆ. ಮುದುಕ ತನ್ನ ಹೆಗಲ ಮೇಲಿನ ಟವೆಲ್ ತೆಗೆದು ಸೀಟು ಒರೆಸಿ, ಅದನ್ನೇ ಮಡಚಿ ಅವಳ ತಲೆಯ ಕೆಳಗೆ ಇಟ್ಟ.

ಬಸ್ಸು ಹೊರಟಿತು. ರೂಪಾಲಿ ಸೀಟಿನ ಮೇಲೆ ಅಡ್ಡಾಗಿ, ಮುಂದಿನ ಕಂಬಿ ಹಿಡಿದು, ಕಣ್ಣು ಬಿಗಿಯಾಗಿ ಮುಚ್ಚಿದ್ದಳು. ಹೋದ ಸಲ ದವಾಖಾನೆಯಲ್ಲಿ ಯಂತ್ರದ ಪರದೆಯನ್ನು ಡಾಕ್ಟರು ಅವಳ ಕಡೆಯಿಂದ ಆಚೆ ತಿರುಗಿಸಿದ್ದರು. ಒಂದು ಮಾತೂ ಆಡದೆ, ಬರೀ ತಿರುಗಿಸಿದ್ದರು. ಈಗಲೂ ಹಾಗೇ ತಿರುಗಿಸುತ್ತಾರೆ. ಇನ್ನು ಸ್ವಲ್ಪ ಹೊತ್ತಿಗೆ ತಿರುಗಿಸುತ್ತಾರೆ. ಬಸ್ಸು ಬೇಗ ಹೋಗಲಿ ಎಂದು ಬೇಡಿಕೊಳ್ಳುತ್ತಿದ್ದವಳು ಅದರ ಬೆನ್ನಿಗೇ, ಮುಟ್ಟದಿರಲಿ, ಹೀಗೇ ಹೋಗುತ್ತಿರಲಿ ಎಂದೂ ಬೇಡಿಕೊಂಡಳು.

ಎದುರಿಗೆ ಸಂಜಯನ ಕಾರು ಬಂತು. ಮಾಯಕ್ಕ ಕಿಟಕಿಯಿಂದ ಅರ್ಧ ಹೊರಗೆ ಬಿದ್ದು ಕೂಗಿದಳು, ಡ್ರೈವರು ಹಾರ್ನಿನ ಮೇಲೆ ಕೈ ಒತ್ತಿಹಿಡಿದ. ಕಾರು ದಾಟಿ ಹೋಗಿ, ಗಕ್ಕನೆ ನಿಂತು, ತಿರುಗಿ ಬಸ್ಸಿನ ಬೆನ್ನು ಹತ್ತಿತು.

ಒಂದು ಊರು ಬಂತು. ಬಸ್ಸು ನಿಧಾನವಾಯಿತು. ಹಿಂದಿನಿಂದ ಯಾರೋ, “ನಿಲ್ಲಸಬ್ಯಾಡ್ರಿ, ಹೋಗ್ರಿ ಹೋಗ್ರಿ,” ಎಂದರು. ಮರಾಠಿಯಲ್ಲಿ ಒಬ್ಬಳು “ಥಾಂಬು ನಕಾ” ಎಂದಳು. ಬಸ್ಸು ನಿಲ್ಲಲಿಲ್ಲ. ಇನ್ನೊಂದು ಊರು ಬಂತು. ಅಲ್ಲಿ ಇಳಿಯಬೇಕಾದವರು ಬಾಗಿಲ ಹತ್ತಿರ ಬಂದು ನಿಂತಿದ್ದರು; ಯಾರೂ ಗಂಟೆ ಹೊಡೆಯಿರಿ ಅನ್ನಲಿಲ್ಲ.

“ಕಾಕಾ, ನಿಮ್ಮ ಊರು ಹೋತು,” ಎಂದಳು ಮೇಘಾ.

ಟವೆಲಿನ ಮುದುಕ ಹೊರಗೆ ನೋಡುತ್ತ ನಿಂತಿದ್ದ. “ಎಲ್ಲಿ ಹೋಕ್ಕೇತಿ? ಊರು ಅಲ್ಲೇ ಇರತೈತಿ. ನೀ ಬಸ್ಸು ಹೊಡಸು,” ಎಂದ.

ರೂಪಾಲಿಗೆ ಅದೆಲ್ಲ ಕೇಳಿಸಿತು. ಆ ಗುರುತಿಲ್ಲದ ಜನರೆಲ್ಲ ಉಸಿರು ಬಿಗಿಹಿಡಿದು ತನ್ನ ಹೊಟ್ಟೆಯನ್ನೇ ಹೊತ್ತುಕೊಂಡು ಓಡುತ್ತಿರುವಂತೆ ಅನಿಸಿತು. ಹಾಗೆನಿಸಿದ್ದಕ್ಕೆ ಅಂಜಿಕೆ ಕಡಿಮೆಯಾಗಲಿಲ್ಲ, ಆದರೆ ಅದನ್ನು ಹೊರುವುದಕ್ಕೆ ಅವಳೊಬ್ಬಳೇ ಇರಲಿಲ್ಲ.

ಬಸ್ಸು ಸ್ಟ್ಯಾಂಡಿಗೆ ಹೋಗದೆ ಸರಕಾರಿ ದವಾಖಾನೆಯ ಗೇಟಿನಲ್ಲೇ ನಿಂತಿತು. ಮೇಘಾ ಒಳಗೆ ಓಡಿ ಗಾಲಿಕುರ್ಚಿ ತಂದಳು. ಸಂಜಯ ಪರ್ಸು ಹಿಡಿದು ಓಡಿಬಂದ. ತಾಯಿ ಕಾರ್ಡು ಅದರಲ್ಲೇ ಇತ್ತು. ಅವನ ಇನ್ನೊಂದು ಮುಷ್ಟಿಯಲ್ಲಿ ಕರಿ ಉಣ್ಣೆ ಹಾಗೇ ಇತ್ತು. ಅದನ್ನು ಏನು ಮಾಡಬೇಕೆಂದು ತಿಳಿಯದೆ ಅವನು ಮಾಯಕ್ಕನ ಕಡೆ ಚಾಚಿದ. ಮಾಯಕ್ಕ ಅದರ ಕಡೆ ನೋಡಲೂ ಇಲ್ಲ. “ಮುತ್ತಪ್ಪಗ ಫೋನ್ ಹಚ್ಚು,” ಎಂದಷ್ಟೇ ಹೇಳಿ ಒಳಗೆ ಹೋದಳು.

ಒಳಗಿನ ಕೋಣೆಯಲ್ಲಿ ನರ್ಸ್ ರೂಪಾಲಿಯನ್ನು ಮಲಗಿಸಿ, ಹೊಟ್ಟೆಗೆ ತಣ್ಣನೆಯ ಜೆಲ್ಲು ಹಚ್ಚಿ, ಕೈಯಷ್ಟು ಯಂತ್ರವನ್ನು ಒತ್ತಿದಳು. ಬರೀ ಗೊರಗೊರ ಸದ್ದು, ಊರ ಹೊರಗೆ ರೇಡಿಯೋ ಸಿಗದಿದ್ದಾಗ ಬರುವಂಥದು. ಯಂತ್ರ ಕೆಳಗೆ ಸರಿಯಿತು. ಪಕ್ಕಕ್ಕೆ ಸರಿಯಿತು. ಆಮೇಲೆ ಢಗ್... ಢಗ್... ಢಗ್... ಎಂದು ಕೇಳಿಸಿತು.

“ಸಿಕ್ತು!” ಎಂದು ಮಾಯಕ್ಕ ಗೋಡೆಗೆ ಕೈ ಕೊಟ್ಟಳು. “ಐತಿ! ಕೂಸು ಐತಿ!”

ನರ್ಸ್ ರೂಪಾಲಿಯ ಮಣಿಕಟ್ಟು ಹಿಡಿದು ನೋಡಿದಳು. “ಇದು ತಾಯೀದ್ರಿ ಅವ್ವಾರ,” ಎಂದಳು. “ಸ್ವಲ್ಪ ಸುಮ್ಮನಿರ್ರಿ.”

ಆ ಮೇಲಿನ ಹೊತ್ತು ಎಷ್ಟು ಉದ್ದವಿತ್ತೋ, ರೂಪಾಲಿಗೆ ಮುಂದೆಂದೂ ಹೇಳಲಾಗಲಿಲ್ಲ. ಮೇಲೆ ಫ್ಯಾನು ತಿರುಗುತ್ತಿತ್ತು. ಅದರ ಒಂದು ರೆಕ್ಕೆಗೆ ಜೇಡರ ಬಲೆ ಹತ್ತಿತ್ತು. ತನ್ನ ಎದೆಯ ಸದ್ದೇ ತನ್ನ ಹೊಟ್ಟೆಯಿಂದ ಬಂದು ತನ್ನನ್ನೇ ಅಂಜಿಸುತ್ತಿತ್ತು. ನರ್ಸ್ ತಲೆ ಎತ್ತಲಿಲ್ಲ. ಅವಳ ಹಣೆಯ ಮೇಲೆ ಬೆವರಿತ್ತು. ಮಾಯಕ್ಕ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡಿದ್ದಳು. ಯಂತ್ರ ಹೊಕ್ಕುಳ ಬದಿಗೆ ಬಂತು, ಇಳಿಯಿತು, ಓರೆಯಾಯಿತು, ನಿಂತಿತು.

ಟಕಟಕಟಕಟಕ.

ಖಾಸಬಾಗದ ಗಲ್ಲಿಯಲ್ಲಿ ಮುಂಜಾನೆ ಮಗ್ಗ ಶುರುವಾದಾಗ ಗೋಡೆಯಾಚೆ ಕೇಳಿಸುವ ಸದ್ದಿನ ಹಾಗೆ, ದೂರ, ಸಣ್ಣಗೆ, ಬಿರುಸಾಗಿ. ತುಸು ಹೊತ್ತು ಓಡಿ ನಿಧಾನವಾಯಿತು. ನರ್ಸಿನ ಹುಬ್ಬು ಗಂಟಾಯಿತು. ಮತ್ತೆ ಓಡಿತು.

ಡಾಕ್ಟರು ಬಂದು ಕೇಳಿದರು, ಇನ್ನೊಂದು ಯಂತ್ರ ಹಚ್ಚಿ ನೋಡಿದರು. ಪರದೆಯನ್ನು ಅವರು ಆಚೆ ತಿರುಗಿಸಲಿಲ್ಲ. “ನೋಡಮ್ಮಾ, ಕೂಸು ಜೀವಂತ ಇದೆ,” ಎಂದರು ಅವಳಿಗೇ, ಅವಳ ಕಣ್ಣು ನೋಡಿ. “ಆದರೆ ಒಳಗೆ ನೀರು ಕಡಿಮೆಯಾಗಿದೆ, ಕೂಸು ದಣಿದಿದೆ. ಇವತ್ತೇ ಹೊರಗೆ ತೆಗೆಯಬೇಕು. ತಿಂಗಳು ತುಂಬದ ಕೂಸನ್ನು ನೋಡಿಕೊಳ್ಳಲು ಬೆಳಗಾವಿಯೇ ಬೇಕು. ಅಂಬ್ಯುಲೆನ್ಸ್ ಬರುತ್ತಿದೆ.”

ಅಂಬ್ಯುಲೆನ್ಸಿನಲ್ಲಿ ಆ ಸದ್ದು ಇರಲಿಲ್ಲ. ಕೇಳಿದ ಸದ್ದು ಕೈಬಿಟ್ಟುಹೋದ ಮೇಲಿನ ಅಂಜಿಕೆ ಮೊದಲಿನದಕ್ಕಿಂತ ಹರಿತವಾಗಿತ್ತು. ಈಗ ಕಳೆದುಕೊಳ್ಳಲು ಒಂದು ಜೀವ ಇದೆಯೆಂದು ಖಾತ್ರಿಯಾಗಿತ್ತಲ್ಲ. ನರ್ಸ್ ಜೊತೆಗೇ ಹತ್ತಿ ಕೂತಿದ್ದಳು. ಮಾಯಕ್ಕ ಕೆಳಗೆ ಕಾಲು ಮಡಚಿ ಕೂತು ಸೊಸೆಯ ಹೊಟ್ಟೆಯ ಮೇಲಿನ ಕೈಯ ಮೇಲೆ ಕೈಯಿಟ್ಟಿದ್ದಳು. ಅವಳ ಅಂಗಾಲಿನಲ್ಲಿ ಜಾಲಿಮುಳ್ಳು ನೆಟ್ಟಿತ್ತು. ನರ್ಸ್ ಬಗ್ಗಿ ಅದನ್ನು ಕಿತ್ತು, ಹತ್ತಿಯಿಂದ ಒರೆಸಿದ್ದು ಅವಳಿಗೆ ಗೊತ್ತೇ ಆಗಲಿಲ್ಲ.

“ನನಗ ಯಾಕ ಹೇಳಲಿಲ್ಲ ತಂಗಿ?”

“ಹೇಳಿದ್ರ ಖರೇ ಆಗ್ತೈತಿ ಅಂತ ಅಂಜಿದ್ನಿ ಅತ್ತಿ.”

ಮಾಯಕ್ಕ ಸೊಸೆಯ ಸೆರಗಿನ ಮೇಲಿನ ಮಾದಲಿಯ ಚೂರು ಕೊಡವಿದಳು. “ನಾನೂ ಅದಕ್ಕs ಕೇಳಲಿಲ್ಲ,” ಎಂದಳು. “ಚಹಾ ಕುಡದು ಹೊಟ್ಟಿ ಮ್ಯಾಲ ಕೈ ಇಟಗೊಂಡು ಕುಂತಿದ್ದಿ. ನೋಡಿದ್ನಿ. ಕೇಳಬೇಕಂತ ಬಾಯಿಗೆ ಬಂತು. ಕೇಳಲಿಲ್ಲ. ರಾಯಪ್ಪನ ಮುಂದ ಹೋದ್ರ ಎಲ್ಲಾ ಸರಿ ಆಕ್ಕೈತಿ ಅಂತ... ಖಾಲಿ ತೊಟ್ಟಿಲ ನೋಡಿದ ಕೂಡ್ಲೆ ನನ್ನ ಜೀವs ಹಾರಿಹೋತು.”

“ನೈವೇದ್ಯ ನಾನs ತಿಂದ್ನಿ.”

“ತಿಂದಿ. ತಿನ್ನಬೇಕಾದಾಕಿನs ತಿಂದಿ. ಅಂವಗ ಎರಡು ನೂರು ವರ್ಷದಿಂದ ಮಂದಿ ತಂದು ಇಡಾಕತ್ತಾರ, ಒಂದಿನ ಉಪವಾಸ ಇದ್ರ ಏನಾಗಂಗಿಲ್ಲ.”

ರೂಪಾಲಿಗೆ ನಗು ಬಂತು, ನಗುತ್ತಲೇ ಅಳು ಬಂತು. ಉದ್ಯಮಬಾಗ ಬಂತೆಂದು ಕಬ್ಬಿಣದ ವಾಸನೆಯಿಂದಲೇ ತಿಳಿಯಿತು. ಕಿಟಕಿಯಲ್ಲಿ ಬೈಕೊಂದು ಜೊತೆಗೇ ಓಡಿಬರುತ್ತಿತ್ತು. ಮೈತುಂಬ ಮಸಿ, ತಲೆಯ ಮೇಲೆ ಫೌಂಡ್ರಿಯ ಹಳದಿ ಟೋಪಿ. ಮುತ್ತಪ್ಪ. ಅವನ ಬಾಯಿ ಅಲ್ಲಾಡುತ್ತಿತ್ತು, ಏನು ಹೇಳುತ್ತಿದ್ದನೋ ಕೇಳಿಸಲಿಲ್ಲ.

ಆಪರೇಷನ್ ಕೋಣೆಯ ಬಾಗಿಲಲ್ಲಿ ಅವನನ್ನೂ ಮಾಯಕ್ಕನನ್ನೂ ನಿಲ್ಲಿಸಿದರು. ಒಳಗೆ ರೂಪಾಲಿ ಒಬ್ಬಳೇ ಹೋದಳು. ಬೆನ್ನಿಗೆ ಸೂಜಿ ಚುಚ್ಚಿದರು. ಕಾಲು ಮೊದಲು ಬೆಚ್ಚಗಾಗಿ, ಆಮೇಲೆ ತನ್ನವಲ್ಲ ಅನ್ನುವಂತಾದವು. ಎದೆಯ ಮುಂದೆ ಹಸಿರು ಬಟ್ಟೆಯ ಪರದೆ ಕಟ್ಟಿದರು. ಆಚೆ ಏನು ನಡೆಯುತ್ತಿದೆಯೋ ಕಾಣದು. ಎಳೆದದ್ದು, ಒತ್ತಿದ್ದು ಮಾತ್ರ ಗೊತ್ತಾಗುತ್ತಿತ್ತು. ಡಾಕ್ಟರುಗಳಿಬ್ಬರು ಕಡಿಮೆ ಮಾತಾಡುತ್ತಿದ್ದರು. ಅವಳ ತಲೆಯ ಹತ್ತಿರ ನಿಂತಿದ್ದ ದಪ್ಪನೆಯ ದಾದಿಯ ಕೈಯೊಂದು ಅವಳಿಗೆ ಸಿಕ್ಕಿತು. ಹಿಡಿದುಕೊಂಡಳು.

“ಬಂತು,” ಎಂದರು ಯಾರೋ.

ಪರದೆಯಾಚೆ ಹೆಜ್ಜೆಗಳು ಸರಸರ ಸರಿದವು. ಉಕ್ಕಿನ ತಟ್ಟೆ ಸದ್ದಾಯಿತು. ಅಳು ಇಲ್ಲ. ಸುರ್ ಸುರ್ ಎಂದು ಏನನ್ನೋ ಎಳೆಯುವ ಸದ್ದು. ಅಳು ಇಲ್ಲ. ‘ಬೆನ್ನು ಉಜ್ಜಿ’ ಎಂದು ಒಬ್ಬರು ಅವಸರದ ದನಿಯಲ್ಲಿ ಅಂದರು. ಆ ಪರಿಚಯದ ನಿಶ್ಶಬ್ದ ಕೋಣೆಯೊಳಗೆ ಬಂದು, ದೀಪದ ಕೆಳಗೆ, ಎಲ್ಲರ ನಡುವೆ ನಿಂತಿತು. ರೂಪಾಲಿ ಕಣ್ಣು ಮುಚ್ಚಲಿಲ್ಲ. ಯಾರ ಹೆಸರನ್ನೂ ಕರೆಯಲಿಲ್ಲ. ಕೈಗೆ ಸಿಕ್ಕಿದ್ದನ್ನು ಇನ್ನೂ ಬಿಗಿಯಾಗಿ ಹಿಡಿದಳು.

ಆಗ ಆಡಿನ ಮರಿ ಅಂದಂತೆ ಒಂದು ಸಣ್ಣ ದನಿ ಬಂತು. ನಿಂತಿತು. ಮತ್ತೆ ಬಂತು. ಈ ಸಲ ಸಿಟ್ಟಿನಿಂದ ಬಂತು, ನಿಲ್ಲದೆ ಬಂತು.

“ಹೆಣ್ಣು ಕೂಸು,” ಎಂದರು ಪರದೆಯಾಚೆ. “ಸಣ್ಣದಿದೆ, ಗಟ್ಟಿ ಇದೆ. ಗಾಜಿನ ಪೆಟ್ಟಿಗೆಗೆ ಒಯ್ಯುತ್ತೇವೆ. ತಾಯಿಗೊಮ್ಮೆ ತೋರಿಸಿ.”

ಬಟ್ಟೆಯಲ್ಲಿ ಸುತ್ತಿದ ಕೆಂಪು ಮುಖವೊಂದು ಅವಳ ಕೆನ್ನೆಯ ಹತ್ತಿರ ಬಂದು, ಬಿಸಿಯಾಗಿ ಒಮ್ಮೆ ತಾಗಿ, ಹೋಯಿತು. ಅಳು ಬಾಗಿಲು ದಾಟಿ, ಹೊರಗಿನ ಓಣಿಯಲ್ಲಿ ದೂರವಾಗುವವರೆಗೂ ರೂಪಾಲಿ ಕೇಳಿಸಿಕೊಂಡಳು. ಆ ಓಣಿಯಲ್ಲಿ ಮಾಯಕ್ಕನ ದನಿ ಎದ್ದಿತು, ಬರಿಗಾಲು ಓಡಿದ ಸಪ್ಪಳವಾಯಿತು.

ತಲೆಯ ಹತ್ತಿರ ಯಾರೋ ಮೆಲ್ಲಗೆ ಕೆಮ್ಮಿದರು. ರೂಪಾಲಿ ಮೇಲೆ ನೋಡಿದಳು. ಅವಳ ಮುಷ್ಟಿಯಲ್ಲಿ ಆ ದಾದಿಯ ಎರಡು ಬೆರಳು ಸಿಕ್ಕಿಕೊಂಡು ಬಿಳಚಿಹೋಗಿದ್ದವು. ಇಷ್ಟು ಹೊತ್ತೂ ದಾದಿ ಬಿಡಿಸಿಕೊಂಡಿರಲಿಲ್ಲ.

“ಆತಲ್ಲ ನನ್ನವ್ವ?” ಎಂದಳು ದಾದಿ, ಮುಖಗವಸಿನ ಮೇಲೆ ಕಣ್ಣು ನಗುತ್ತಿದ್ದವು. “ಇನ್ನಾದ್ರೂ ನನ್ನ ಬೊಟ್ಟು ಬಿಡು. ಹೊರಗ ಇನ್ನೊಬ್ಬಾಕಿ ಹಡ್ಯಾಕ ಕಾಯಾಕತ್ತಾಳ, ಆಕೀಗೂ ಬೇಕಾಕ್ಕಾವ.”